ಟ್ಯಾಬ್ ತೋರಿಸದ ಚೀಲಗಳು

ರಾಣೆಬೆನ್ನೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದಕ್ಕೆ ಹೋದ ತಿಂಗಳು ನನ್ನನ್ನು ಮಾತಿಗೆ ಕರೆದಿದ್ದರು. ಕರೆದವರು ಮೊದಲೇ ಹೇಳಿಟ್ಟರು, "ಅಕ್ಕಾರ, ಹುಡುಗೂರಿಗೆ ಸ್ವಲ್ಪ ಹುರುಪು ಬರೂಹಂಗ ಮಾತಾಡ್ರಿ, ಹೆದರಸಬ್ಯಾಡ್ರಿ." ನಾನು ಹುರುಪು ತುಂಬಲು ಹೋಗಲಿಲ್ಲ, ಹೆದರಿಸಲೂ ಹೋಗಲಿಲ್ಲ. ನಡೆದದ್ದನ್ನು ಹೇಳತೊಡಗಿದೆ. ಅರ್ಧ ತಾಸು ಆಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಗಡಿಯಾರ ತೋರಿಸಿದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಗಡಿಯಾರ ತೋರಿಸುವ ಹಾಗಿಲ್ಲ.

ನಾನು ಲಲಿತಾ. ಮನೆ ಹಾವೇರಿಯಲ್ಲಿ, ಕೆಲಸ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಮೂವತ್ತು ವರ್ಷ ಅಲ್ಲಿನ ಕಂಪ್ಯೂಟರ್ ನೋಡಿಕೊಂಡೆ. ಬಡ್ತಿ ಎರಡು ಸಲ ಬಂತು. ಎರಡನ್ನೂ ಬಿಟ್ಟುಬಿಡೋಣ, ಅವುಗಳಿಂದ ನಾನು ಏನೂ ಕಲಿಯಲಿಲ್ಲ, ಕುರ್ಚಿ ಬದಲಾಯಿತು ಅಷ್ಟೇ. ಕಲಿತದ್ದೆಲ್ಲ ಎಡವಿದ ಕಡೆ.

ಕೆಲಸ ಏನೆಂದರೆ, ಸುಗ್ಗಿಯಲ್ಲಿ ರೈತರು ಮೆಣಸಿನಕಾಯಿ ಚೀಲ ತಂದು ನಮ್ಮಲ್ಲಿ ಇಡುತ್ತಾರೆ, ಬೇಕಾದಾಗ ಬಂದು ಬಿಡಿಸಿಕೊಂಡು ಹೋಗುತ್ತಾರೆ. ಯಾವ ಊರಿನ ಯಾರ ಚೀಲ ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ ನನ್ನ ಯಂತ್ರದಲ್ಲಿ ಇರಬೇಕು. ಒಳಗೆ ಛಾವಣಿ ಮುಟ್ಟುವವರೆಗೆ ಒಂದೇ ಥರದ ಗೋಣಿಚೀಲ. ಪಟ್ಟಿ ತಪ್ಪಿತೆಂದರೆ ಚೀಲ ಅಲ್ಲೇ ಇದ್ದರೂ ಇಲ್ಲದ ಹಾಗೆಯೇ. ಆಮೇಲೆ ರೈತನ ಬಾಯಿಗೆ ಸಿಗುವವರು ಗೇಟಿನಲ್ಲಿ ಕೂತವರು, ಮ್ಯಾನೇಜರ್ ಬಾಯಿಗೆ ಸಿಗುವವರು ಚೀಲ ಹೊತ್ತ ಹಮಾಲರು.

ನಮ್ಮ ಪಟ್ಟಿಗಳ ಯಂತ್ರದ ಪರದೆ ಕಪ್ಪು, ಅಕ್ಷರ ಬಿಳಿ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸು ಇಲ್ಲ. ಆಜ್ಞೆ ಟೈಪ್ ಮಾಡಬೇಕು, ಎಂಟರ್ ಒತ್ತಬೇಕು, ಅದು ಹೇಳಿದ್ದನ್ನು ಮಾಡುತ್ತದೆ. ಮೊದಮೊದಲು ಕೋಣೆಗೆ ಇಣುಕಿದ ರೈತರು, "ಅಕ್ಕಾರ, ಟಿವಿ ಕೆಟ್ಟೇತೇನ್ರಿ?" ಎಂದು ಕನಿಕರದಿಂದ ಕೇಳುತ್ತಿದ್ದರು. ಕೆಟ್ಟಿಲ್ಲ ಅಂದರೆ ನಂಬುತ್ತಿರಲಿಲ್ಲ.

ಈ ಕಪ್ಪು ಪರದೆಯಲ್ಲಿ ಟೈಪ್ ಮಾಡುವವರ ಕಷ್ಟ ತಗ್ಗಿಸಲು ಟ್ಯಾಬ್ ಬಟನ್ ಇದೆ. ಫೈಲಿನ ಹೆಸರಿನ ಮೊದಲ ಎರಡು ಅಕ್ಷರ ಕೊಟ್ಟು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬುತ್ತದೆ. ಆ ಅಕ್ಷರಗಳಿಂದ ಶುರುವಾಗುವ ಫೈಲು ಒಂದೇ ಇದ್ದರೆ ಪೂರ್ತಿ ತುಂಬುತ್ತದೆ. ಎರಡಿದ್ದರೆ ಎರಡರಲ್ಲೂ ಸಮಾನವಾಗಿರುವಷ್ಟನ್ನು ತುಂಬಿ, ಮುಂದಿನದನ್ನು ನೀನೇ ಹೇಳು ಎಂದು ನಿಲ್ಲುತ್ತದೆ. ಒಂದೂ ಇಲ್ಲದಿದ್ದರೆ ಸುಮ್ಮನಿರುತ್ತದೆ. ಪುಸ್ತಕದಲ್ಲಿ ಇಷ್ಟೇ ಬರೆದಿರುತ್ತದೆ. ಇಷ್ಟನ್ನು ನಂಬಿ ನಾನು ಎರಡು ಸಲ ಬಿದ್ದೆ. ಮೊದಲ ಸಲ ನಾನೊಬ್ಬಳೇ ಬಿದ್ದೆ. ಎರಡನೆಯ ಸಲ ಇನ್ನೊಬ್ಬರನ್ನು ಬೀಳಿಸಿದೆ.

ಮೊದಲನೆಯದಕ್ಕೆ ಕಾರಣ ಒಂದು ಸೀನು. ನಗಬೇಡಿ. ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದವರಿಗೆ ಗೊತ್ತು, ರೈಲ್ವೆ ಸ್ಟೇಷನ್ ದಾಟುವಷ್ಟರಲ್ಲಿ ಮೂಗು ತಾನಾಗಿ ಮಾತಾಡುತ್ತದೆ. ನನ್ನ ಕೀಬೋರ್ಡಿನ ಸಂದಿನಲ್ಲಿ ಕೆಂಪು ಪುಡಿ ಇರುತ್ತಿತ್ತು, ವಾರಕ್ಕೊಮ್ಮೆ ಬ್ರಶ್ಶಿನಿಂದ ತೆಗೆಯುತ್ತಿದ್ದೆ. ಆಗ ಯಂತ್ರದಲ್ಲಿ ಮೋಟೆಬೆನ್ನೂರಿನ ಎರಡು ಪಟ್ಟಿ ಇದ್ದವು. ಚಾಲ್ತಿಯದರ ಹೆಸರು ಬರೀ ಮೋಟೆಬೆನ್ನೂರು. ಹಳೆಯದಕ್ಕೆ ಕೊನೆಯಲ್ಲಿ 'ಹಳೆ' ಎಂದು ಸೇರಿಸಿದ್ದೆವು. ನಾನು ಹಳೆಯದನ್ನು ಅಳಿಸಬೇಕಿತ್ತು. ಅಳಿಸುವ ಆಜ್ಞೆ ಬರೆದು, ಎರಡು ಅಕ್ಷರ ಕೊಟ್ಟು ಟ್ಯಾಬ್ ಒತ್ತಿದೆ. ಯಂತ್ರ ಎರಡರಲ್ಲೂ ಸಮಾನವಾದಷ್ಟನ್ನು ತುಂಬಿ ನಿಂತಿತು. ಆ ಸಮಾನವಾದ ಭಾಗವೇ ಚಾಲ್ತಿ ಪಟ್ಟಿಯ ಪೂರ್ತಿ ಹೆಸರು. ಸರಿಯಾಗಿ ಆಗಲೇ ಸೀನು ಬಂತು, ಕೈ ಎಂಟರ್ ಮೇಲೆ ಬಿತ್ತು. ಆ ವರ್ಷದ ಮೋಟೆಬೆನ್ನೂರು ಹೋಯಿತು.

ನಕಲು ತೆಗೆದಿಡುವ ಪದ್ಧತಿ ಆಗ ಇರಲಿಲ್ಲ. ಮೂರು ದಿನ ಗೇಟಿನ ರಿಜಿಸ್ಟರ್ ಮುಂದಿಟ್ಟುಕೊಂಡು ಒಂದೊಂದೇ ಹೆಸರು ಮತ್ತೆ ಹೊಡೆದೆ. ಹಾವೇರಿಯ ಮುಖ್ಯ ಕಚೇರಿಯಿಂದ ನನ್ನ ಮೇಲಧಿಕಾರಿ ಬಂದರು. ಮೊದಲು ಗಣಿತ ಕಲಿಸಿ ಆಮೇಲೆ ಈ ಕಡೆ ಬಂದವರು, ಎಲ್ಲರೂ ಮಾಸ್ತರು ಎಂದೇ ಕರೆಯುತ್ತಿದ್ದೆವು. ಬೈಗುಳ ತಿನ್ನಲು ತಯಾರಾಗಿ ಎದ್ದು ನಿಂತೆ.

"ಸೀನು ಬಂತ್ರಿ ಮಾಸ್ತರ," ಅಂದೆ.

"ಸೀನಿಗೆ ನಾ ಮೆಮೊ ಕೊಡಾಕ ಬರೂದಿಲ್ಲವಾ," ಎಂದು ಕುರ್ಚಿ ಎಳೆದು ಕೂತರು. "ಆದ್ರ ಸೀನು ಬರೂದಕ್ಕಿಂತ ಮೊದ್ಲ ನಿನ್ನ ಬೆರಳು ಎಂಟರ್ ಮ್ಯಾಲ ಯಾಕ ಇತ್ತು? ಮಷೀನು ಅರ್ಧಾ ಹೇಳಿ ನಿಂತೈತಿ. ಅದು ಪೂರ್ತಿ ಹೇಳೇತಿ ಅಂತ ನೀ ತಿಳಕೊಂಡಿ."

ಅವತ್ತು ಅವರು ಒಂದು ರೂಢಿ ಹಾಕಿಕೊಟ್ಟರು. ಟ್ಯಾಬ್ ಒತ್ತಿದ ಮೇಲೆ ಎರಡೂ ಕೈ ಮಡಿಲಿಗೆ ಬರಬೇಕು. ಪರದೆಯ ಮೇಲಿನ ಊರಿನ ಹೆಸರನ್ನು ಬಾಯಿ ಬಿಟ್ಟು ಓದಬೇಕು, ಪಕ್ಕದಲ್ಲಿ ಯಾರಾದರೂ ಇರಲಿ, ಇಲ್ಲದಿರಲಿ. ಆಮೇಲೆ ಎಂಟರ್. ನಮ್ಮ ಕೋಣೆಯ ಮುಂದೆ ಹಾದುಹೋಗುವವರಿಗೆ ದಿನವಿಡೀ ಮೋಟೆಬೆನ್ನೂರು, ಕದರಮಂಡಲಗಿ ಎಂದು ಬಸ್ ಕಂಡಕ್ಟರ್ ಕೂಗಿದ ಹಾಗೆ ಕೇಳುತ್ತಿತ್ತು. ಬೇರೆ ಕಚೇರಿಯವರು ನಗುತ್ತಿದ್ದರು. ನಗಲಿ. ಆಮೇಲೆ ಎಷ್ಟೋ ವರ್ಷ ನಮ್ಮಲ್ಲಿ ಒಂದು ಪಟ್ಟಿಯೂ ಕಳೆಯಲಿಲ್ಲ.

ಇನ್ನು ನನ್ನ ಹಟದ ವಿಷಯ. ಒಂದೊಂದು ಊರಿಗೂ ಹತ್ತಾರು ಪಟ್ಟಿ. ಸಂಜೆ ಅವೆಲ್ಲವನ್ನೂ ಒಟ್ಟುಗೂಡಿಸಿ ಒಂದೇ ಫೈಲಾಗಿ ಕಟ್ಟಿಡುವುದು, ಬೆಳಿಗ್ಗೆ ಬಿಚ್ಚಿ ಗೇಟಿನ ಕಂಪ್ಯೂಟರಿಗೆ ಕೊಡುವುದು ಎಂದು ಪದ್ಧತಿ ಮಾಡಿದೆವು. ಹಾಗೆ ಕಟ್ಟುವ, ಬಿಚ್ಚುವ ಆಜ್ಞೆಗೆ ಟಾರ್ ಎಂದು ಹೆಸರು. ಕಟ್ಟಿದ ಫೈಲಿನ ಹೆಸರಿಗೆ ಡಾಟ್ ಟಾರ್ ಎಂಬ ಬಾಲ ಹಚ್ಚುವುದು ಲೋಕದ ರೂಢಿ. ನಾನು ಡಾಟ್ ಚೀಲ ಎಂದು ಹಚ್ಚಿದೆ. ಮೋಟೆಬೆನ್ನೂರು ಡಾಟ್ ಚೀಲ. ಕದರಮಂಡಲಗಿ ಡಾಟ್ ಚೀಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಪದ ನಮ್ಮದು. ತುಂಬಿ ಬಾಯಿ ಕಟ್ಟಿಟ್ಟದ್ದಕ್ಕೆ ಬ್ಯಾಡಗಿಯಲ್ಲಿ ಇನ್ನೇನು ಅನ್ನಬೇಕು?

ಮಾಸ್ತರು ನೋಡಿ ತಲೆ ತುರಿಸಿಕೊಂಡರು. "ಎಲ್ಲಾರೂ ಇಡೂ ಹೆಸರು ಇಡವಾ ತಂಗಿ."

"ಒಳಗ ಏನೈತಿ ಅಂತ ಟಾರ್ ತಾನ ನೋಡ್ಕೋತೈತ್ರಿ ಮಾಸ್ತರ. ಅದಕ್ಕ ಬಾಲ ಬೇಕಾಗೇ ಇಲ್ಲ."

"ಇವತ್ತು ಬ್ಯಾಡ. ನಾಳಿಗೆ ಬೇಕಾದ್ರ?"

"ನಾಳಿಗೆ ನಾನ ಇರತೇನಲ್ರಿ," ಅಂದೆ. ಆಗ ನನಗೆ ನನ್ನ ಬಗ್ಗೆ ಬಹಳ ಮೆಚ್ಚುಗೆ ಇತ್ತು. ಮಾಸ್ತರು ಒತ್ತಾಯ ಮಾಡಲಿಲ್ಲ. ಕೆಲವು ವರ್ಷಕ್ಕೆ ಅವರು ನಿವೃತ್ತರಾದರು, ಚೀಲಗಳು ಉಳಿದವು.

ಫಕ್ಕೀರಪ್ಪ ನಮ್ಮ ಕೋಣೆಗೆ ಬಂದದ್ದು ನನ್ನ ಕೊನೆಯ ಐದಾರು ವರ್ಷಗಳಲ್ಲಿ. ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದ ಮನುಷ್ಯ. ಚೀಲದ ಸಮೇತ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡ. ಹೊರುವ ಕೆಲಸ ಮುಗಿಯಿತು. ಆಗಿನ ಮ್ಯಾನೇಜರ್ ಒಳ್ಳೆಯವರು, ಲಲಿತಾ, ಈತ ನಿಮ್ಮ ಕಡೆ ಇರಲಿ ಎಂದು ಗುತ್ತಿಗೆ ಮೇಲೆ ನನ್ನ ಕೋಣೆಗೆ ಹಾಕಿದರು. ನಲವತ್ತೆಂಟರ ಆಸುಪಾಸಿನ ವಯಸ್ಸು, ಏಳನೆಯ ಇಯತ್ತೆ ಓದಿದ್ದ. ಕೈಬೆರಳು ಒಂದೊಂದೂ ಎರಡೆರಡು ಬಟನ್ ಮುಚ್ಚುವಷ್ಟು ದಪ್ಪ. ಮೊದಲ ದಿನ ಕೀಬೋರ್ಡ್ ಮುಟ್ಟಲು ಹೆದರಿ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಅಕ್ಕಾರ, ಇಂಗ್ಲೀಷು ಬರೂದಿಲ್ಲ. ನನ್ನ ಗೇಟಿಗೆ ಹಾಕ್ರಿ, ಗೇಟ್ ಬಾಗಲಾ ತಗದು ಮುಚ್ಚತೇನಿ."

"ಅಕ್ಷರ ಗೊತ್ತಲ್ರಿ ಫಕ್ಕೀರಪ್ಪ? ಎರಡು ಅಕ್ಷರ ಸಾಕು. ಉಳಿದದ್ದು ಇದು ತುಂಬತೈತಿ," ಎಂದು ಟ್ಯಾಬ್ ತೋರಿಸಿದೆ.

ಕೆ, ಎ ಒತ್ತಿ ಟ್ಯಾಬ್ ಒತ್ತಿದ. ಕದರಮಂಡಲಗಿ ಎಂದು ಅಷ್ಟುದ್ದ ಹೆಸರು ಕಾಗುಣಿತ ತಪ್ಪದೆ ಬಂದು ನಿಂತಿತು. ಆ ಮನುಷ್ಯನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. "ಅಂದ್ರ ಭಾರಾ ಇದು ಹೊರತೈತಿ, ನಾ ಬರೇ ಕೈ ಹಚ್ಚೂದು," ಅಂದ. ನಮಗೆ ನಿಮಗೆ ಟ್ಯಾಬ್ ಸೋಮಾರಿತನದ ಅನುಕೂಲ. ಅವನಿಗೆ ಅದು ಅನ್ನ. ಆರು ತಿಂಗಳಲ್ಲಿ ಬೆಳಗಿನ ಬಿಚ್ಚುವ ಕೆಲಸ ಪೂರ್ತಿ ಅವನ ಕೈಗೆ ಬಂತು. ಎರಡು ಅಕ್ಷರ, ಟ್ಯಾಬ್, ಕೈ ಮಡಿಲಿಗೆ, ಗಟ್ಟಿಯಾಗಿ ಊರಿನ ಹೆಸರು, ಎಂಟರ್. ಒಂದು ದಿನ ತಪ್ಪಲಿಲ್ಲ. ಅವನನ್ನು ಕಾಯಂ ಮಾಡಬೇಕೆಂದು ನಾನು ಬರೆದುಕೊಟ್ಟೆ. ಮುಖ್ಯ ಕಚೇರಿ ಆಗಲಿ ಎಂದಿತ್ತು, ಆದೇಶ ಬರುವುದಷ್ಟೇ ಬಾಕಿ.

ಆ ಹೊತ್ತಿಗೆ ಮ್ಯಾನೇಜರ್ ಬದಲಾದರು. ಹೊಸಬರು ಅರವಿಂದ ಸಾಹೇಬರು. ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಹಮಾಲಿ ಮಾಡಿದ ಕೈ ಕೀಬೋರ್ಡಿನ ಮೇಲೆ ಇರುವುದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ನನಗೆ ಮೇಡಂ ಅನ್ನುತ್ತಿದ್ದರು, ಫಕ್ಕೀರಪ್ಪನಿಗೆ ಏ ಅನ್ನುತ್ತಿದ್ದರು. ಬಂದ ವರ್ಷವೇ ಹುಬ್ಬಳ್ಳಿಯಿಂದ ಒಬ್ಬ ಕಂಪ್ಯೂಟರ್ ಗುತ್ತಿಗೆದಾರನನ್ನು ಕರೆಸಿ ಯಂತ್ರದೊಳಗಿನ ತಂತ್ರಾಂಶವನ್ನೆಲ್ಲ ಹೊಸದು ಮಾಡಿಸಿದರು. ಭಾನುವಾರ ಕೆಲಸ, ನನ್ನನ್ನು ಕರೆಯಲಿಲ್ಲ. ಸೋಮವಾರ ಮುಖ್ಯ ಕಚೇರಿಯಲ್ಲಿ ನನಗೆ ಮೀಟಿಂಗ್ ಇತ್ತು. ಗುತ್ತಿಗೆದಾರನಿಗೆ ಫೋನ್ ಮಾಡಿ ಏನೇನು ಬದಲಾಗಿದೆ ಎಂದು ಕೇಳಿದೆ.

"ಏನೂ ಇಲ್ರಿ ಮೇಡಂ, ಎಲ್ಲಾ ಮೊದಲಿನಂಗ ಐತಿ," ಅಂದ.

ನೀವು ಈ ಕೆಲಸಕ್ಕೆ ಸೇರಿದ ಮೇಲೆ ಈ ಮಾತನ್ನು ನೂರು ಸಲ ಕೇಳುತ್ತೀರಿ. ಒಂದು ಸಲವೂ ನಂಬಬೇಡಿ.

ಸೋಮವಾರ ಹಾವೇರಿಯ ಮೀಟಿಂಗಿನಲ್ಲಿ ಕೂತಿದ್ದಾಗ ಗೇಟಿನ ಗುಮಾಸ್ತ ಫೋನ್ ಮಾಡಿದ. ಕದರಮಂಡಲಗಿಯ ಹನುಮವ್ವ ತನ್ನ ಚೀಲ ಬಿಡಿಸಿಕೊಳ್ಳಲು ಬಂದಿದ್ದಾಳೆ, ಕೈಯಲ್ಲಿ ಚೀಲ ಇಟ್ಟಾಗ ಕೊಟ್ಟ ಪಾವತಿ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಮೋಟೆಬೆನ್ನೂರಿನ ಫೈಲು ಯಂತ್ರದಲ್ಲೇ ಇಲ್ಲವಂತೆ. ಫಕ್ಕೀರಪ್ಪ ತನ್ನ ಹಳೆಯ ಹಮಾಲ ಗೆಳೆಯರ ಜೊತೆ ಸೇರಿ ಚೀಲ ಸಾಗಿಸಿ ಫೈಲು ಅಳಿಸಿದ್ದಾನೆ ಎಂದು ಸಾಹೇಬರು ಹೇಳುತ್ತಿದ್ದಾರೆ. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಕೂತಿದ್ದಾರೆ. ನಾನು ಮೀಟಿಂಗಿನಿಂದ ಎದ್ದುಬಂದೆ. ಬಸ್ಸಿನಲ್ಲಿ ಕೂತವಳಿಗೆ ಹಾವೇರಿಯಿಂದ ಬ್ಯಾಡಗಿ ಅಷ್ಟು ದೂರ ಅಂತ ಅವತ್ತೇ ಗೊತ್ತಾಯಿತು.

ಗೇಟಿನ ಹತ್ತಿರ ಫಕ್ಕೀರಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಕಾವಲುಗಾರ ನಿಂತಿದ್ದ. ಇಪ್ಪತ್ತು ವರ್ಷ ಅದೇ ಗೇಟಿನಿಂದ ಚೀಲ ಹೊತ್ತು ಒಳಗೆ ಹೋದವನು. ಹಮಾಲರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ನಾ ಏನೂ ಅಳಿಸಿಲ್ರಿ ಅಕ್ಕಾರ," ಅಂದ. ತಲೆ ಎತ್ತಲಿಲ್ಲ.

"ನನಗ ಗೊತ್ತೈತಿ. ಮುಂಜಾನಿ ಏನೇನ್ ಮಾಡಿದ್ರಿ, ಒಂದೊಂದ ಹೇಳ್ರಿ."

"ಮೊದ್ಲ ಕದರಮಂಡಲಗಿ ಬಿಚ್ಚಿದೆ. ಎರಡು ಅಕ್ಷರ ಒತ್ತಿದೆ, ಟ್ಯಾಬ್ ಒತ್ತಿದೆ, ಹೆಸರು ಬಂತು. ಕೈ ತಗದೆ, ಕದರಮಂಡಲಗಿ ಅಂತ ಓದಿದೆ, ಎಂಟರ್ ಹೊಡದೆ. ಆಮ್ಯಾಲ ಮೋಟೆಬೆನ್ನೂರಿಗೆ ಟ್ಯಾಬ್ ಒತ್ತಿದೆ, ಏನೂ ಬರ್ಲಿಲ್ಲ. ಹತ್ತು ಸಲ ಒತ್ತಿದೆ. ಸಾಹೇಬ್ರಿಗೆ ನಾನ ಹೋಗಿ ಹೇಳಿದೆ, ಫೈಲು ಕಾಣವಲ್ದು ಅಂತ."

ಕಳ್ಳತನ ಮಾಡಿದವನು ತಾನಾಗಿ ಹೋಗಿ ಹೇಳುತ್ತಾನೆಯೇ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆದಿರಲಿಲ್ಲ.

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಟ್ಯಾಬ್ ಮುಟ್ಟಲಿಲ್ಲ. ಫೈಲುಗಳ ಪಟ್ಟಿ ತೋರಿಸು ಎಂದು ಆಜ್ಞೆ ಕೊಟ್ಟೆ. ಮೋಟೆಬೆನ್ನೂರು ಡಾಟ್ ಚೀಲ ಅಲ್ಲೇ ಇತ್ತು. ಕದರಮಂಡಲಗಿ ಡಾಟ್ ಚೀಲ ಅಲ್ಲೇ ಇತ್ತು. ಅದರ ಕೆಳಗೆ ನಾನು ಎಂದೂ ಕಾಣದ ಇನ್ನೊಂದು, ಕದರಮಂಡಲಗಿ ಹಳೆ, ಬಾಲ ಡಾಟ್ ಟಾರ್. ಗುತ್ತಿಗೆದಾರ ಪರೀಕ್ಷೆಗೆಂದು ಹೋದ ವರ್ಷದ ಪಟ್ಟಿಗಳನ್ನು ಕಟ್ಟಿ, ಅಲ್ಲೇ ಬಿಟ್ಟುಹೋಗಿದ್ದ. ಅದಷ್ಟೇ ಆಗಿದ್ದರೆ ಟ್ಯಾಬ್ ಎರಡಕ್ಕೂ ಸಮಾನವಾದಷ್ಟನ್ನು ತುಂಬಿ ನಿಲ್ಲಬೇಕಿತ್ತು. ಯಾಕೆ ನಿಲ್ಲಲಿಲ್ಲ?

ಅರ್ಧ ತಾಸು ಹುಡುಕಿದೆ. ಹೊಸ ತಂತ್ರಾಂಶದ ಜೊತೆ ಟ್ಯಾಬಿಗೆ ಹೊಸ ಬುದ್ಧಿ ಬಂದಿತ್ತು. ಮೊದಲು ಅದು ಎದುರಿಗಿದ್ದ ಎಲ್ಲ ಫೈಲನ್ನೂ ತೋರಿಸುತ್ತಿತ್ತು. ಈಗ ಯಾವ ಆಜ್ಞೆ ಬರೆದಿದ್ದೀರಿ ಎಂದು ನೋಡಿ, ಅದಕ್ಕೆ ತಕ್ಕದ್ದೆಂದು ತನಗೆ ಅನ್ನಿಸಿದ್ದನ್ನು ಮಾತ್ರ ತೋರಿಸುತ್ತದೆ. ಬಿಚ್ಚುವ ಆಜ್ಞೆ ಬರೆದರೆ ಟಾರ್‌ನಂಥ ರೂಢಿಯ ಬಾಲ ಇರುವ ಫೈಲು ಮಾತ್ರ ಅದರ ಲೆಕ್ಕಕ್ಕೆ ಬರುತ್ತದೆ. ಚೀಲ ಎಂಬ ಬಾಲ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಮೋಟೆಬೆನ್ನೂರಿಗೆ ಸುಮ್ಮನಾಯಿತು. ಕದರಮಂಡಲಗಿಗೆ ಇದ್ದದ್ದು ಒಂದೇ ಎಂದುಕೊಂಡು ಹೋದ ವರ್ಷದ್ದನ್ನು ಪೂರ್ತಿ ತುಂಬಿತು. ಫಕ್ಕೀರಪ್ಪ ನಾನು ಕಲಿಸಿದ ಹಾಗೆ ಕೈ ತೆಗೆದ, ನಾನು ಕಲಿಸಿದ ಹಾಗೆ ಊರಿನ ಹೆಸರು ಓದಿದ. ಊರಿನ ಹೆಸರು ಸರಿಯಾಗೇ ಇತ್ತು. ಊರಿನ ಹೆಸರಿನ ಆಚೆಗಿನ 'ಹಳೆ', ಬಾಲ ಎಲ್ಲವನ್ನೂ ಓದು ಎಂದು ನಾನು ಕಲಿಸಿರಲಿಲ್ಲ. ಆ ಬಾಲ ಎಂದೂ ಬದಲಾಗುವುದಿಲ್ಲ ಎಂದು ನನ್ನ ನಂಬಿಕೆ.

ಬಾಲ ಹಚ್ಚಿದವಳು ನಾನು.

ಆದರೆ ಮೊದಲು ಆ ಮನುಷ್ಯನನ್ನು ಸ್ಟೂಲಿನಿಂದ ಎಬ್ಬಿಸಬೇಕಿತ್ತು. ಸಾಹೇಬರನ್ನು, ಹನುಮವ್ವನನ್ನು, ಗೇಟಿನ ಗುಮಾಸ್ತನನ್ನು, ಫಕ್ಕೀರಪ್ಪನನ್ನು ಎಲ್ಲರನ್ನೂ ಕೋಣೆಗೆ ಕರೆದೆ. ಬಿಚ್ಚುವ ಆಜ್ಞೆಯನ್ನು ಅರ್ಧ ಬರೆದು ಕೀಬೋರ್ಡನ್ನು ಸಾಹೇಬರ ಮುಂದೆ ತಳ್ಳಿದೆ.

"ಸಾಹೇಬ್ರ, ಕೆ, ಎ ಒತ್ತಿ ಟ್ಯಾಬ್ ಒತ್ರಿ."

"ನಾನ್ಯಾಕೆ ಒತ್ತಬೇಕು ಮೇಡಂ?"

"ಫಕ್ಕೀರಪ್ಪ ಒತ್ತಿದ್ರ ಕಳ್ಳ ಅಂತೀರಿ. ನೀವು ಒತ್ತಿದ್ರ ಏನ್ ಬರತೈತಿ ನೋಡೂಣಲ್ರಿ."

ಹನುಮವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಎಲ್ಲರ ಕಣ್ಣೂ ಸಾಹೇಬರ ಬೆರಳಿನ ಮೇಲೆ. ಒತ್ತಿದರು. ಕದರಮಂಡಲಗಿ ಹಳೆ ಡಾಟ್ ಟಾರ್ ಎಂದು ಪೂರ್ತಿ ಬಂದು ನಿಂತಿತು. ಮೋಟೆಬೆನ್ನೂರಿಗೂ ಒತ್ತಿಸಿದೆ. ಏನೂ ಬರಲಿಲ್ಲ. ಆಮೇಲೆ ಎದುರಿಗೇ ಫೈಲುಗಳ ಪಟ್ಟಿ ತೆರೆದು ಮೋಟೆಬೆನ್ನೂರನ್ನು ಬೆರಳಿಟ್ಟು ತೋರಿಸಿದೆ. ಟ್ಯಾಬ್ ಇಲ್ಲದೆ ಕದರಮಂಡಲಗಿ ಡಾಟ್ ಚೀಲ ಎಂದು ಪೂರ್ತಿ ಟೈಪ್ ಮಾಡಿ ಬಿಚ್ಚಿದೆ. ಈ ವರ್ಷದ ಪಟ್ಟಿ ಬಂತು. ಹನುಮವ್ವ, ನಾಲ್ಕನೆಯ ಕೋಣೆ, ಮೂರನೆಯ ಸಾಲು, ಹದಿನೆಂಟು ಚೀಲ.

"ನಡೀರಿ, ನೋಡೇ ಬಿಡೂಣು," ಅಂದಳು ಹನುಮವ್ವ. ಎಲ್ಲರೂ ಹೋದೆವು. ನಾಲ್ಕನೆಯ ಕೋಣೆಯ ಚಳಿಯಲ್ಲಿ ಅವಳೇ ಮುಂದೆ ನಡೆದು, ಚೀಲದ ಬಾಯಿಗೆ ತಾನೇ ಹೊಲಿದ ಹಸಿರು ದಾರ ಗುರುತಿಸಿ ಒಂದೊಂದೇ ಎಣಿಸಿದಳು. ಹದಿನೆಂಟೂ ಇದ್ದವು. ತಿರುಗಿ ಸಾಹೇಬರಿಗೆ ಅಂದಳು, "ಪಾಪ, ಆ ಅಣ್ಣನ್ನ ಮುಂಜಾನಿಂದ ಕುಂದರಿಸೀರಲ್ಲೋ ಯಪ್ಪಾ."

ಸಾಹೇಬರು ತಿರುಗಿ ಬಾಗಿಲ ಕಡೆ ನಡೆದರು. ಕೋಣೆಗೆ ವಾಪಸು ಬಂದು ಪರದೆ ನೋಡುತ್ತ, "ಈ ಚೀಲ ಅಂತ ಯಾಕಿದೆ ಹೆಸರು?" ಎಂದು ಕೇಳಿದರು.

"ಮೊದಲಿಂದ ಹಂಗ ಐತ್ರಿ," ಅಂದೆ.

ಸುಳ್ಳಲ್ಲ. ಖರೇನೂ ಅಲ್ಲ. ಅಷ್ಟು ಜನರೆದುರು ಸಾಹೇಬರಿಗೇ ಬಟನ್ ಒತ್ತಿಸಿದ ನಾಲಿಗೆ, ನಾನು ಇಟ್ಟ ಹೆಸರು ಅನ್ನುವಾಗ ಹಿಂದೆ ಸರಿಯಿತು.

ಸಂಜೆ ಎಲ್ಲ ಚೀಲಗಳಿಗೂ ರೂಢಿಯ ಬಾಲ ಹಚ್ಚಿದೆ. ಗುತ್ತಿಗೆದಾರ ಬಿಟ್ಟುಹೋದ ಫೈಲನ್ನು ಬೇರೆ ಕಡೆ ಸಾಗಿಸಿದೆ. ಫಕ್ಕೀರಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕೊನೆಯ ಫೈಲಿಗೆ ಬಂದಾಗ ಕೇಳಿದ, "ಅಕ್ಕಾರ, ಮೊದ್ಲ ಹಿಂಗ ಹೆಸರು ಇಟ್ಟಿದ್ರ, ಟ್ಯಾಬ್ ಬರೋಬ್ಬರಿ ನಿಲ್ಲತಿತ್ತೇನ್ರಿ?"

"ನಿಲ್ಲತಿತ್ತು."

ಸರಿ ಎಂಬಂತೆ ತಲೆಯಾಡಿಸಿದ. ಎದ್ದು ನೀರಿನ ಬಾಟಲಿ ತುಂಬಿಸಿಕೊಂಡು ಬಂದ. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ನನ್ನ ಎದುರಿಗೂ ಇಲ್ಲ, ಬೇರೆಯವರ ಎದುರಿಗೂ ಇಲ್ಲ.

ನಾಲ್ಕು ದಿನ ಬಿಟ್ಟು ಅವನ ಕೈಗೆ ಮೆಮೊ ಬಂತು. ಅಜಾಗರೂಕತೆಯಿಂದ ತಪ್ಪು ಫೈಲು ಬಿಚ್ಚಿ ಸಂಸ್ಥೆಯ ಕೆಲಸಕ್ಕೆ ತೊಂದರೆ ಮಾಡಿದ್ದಾನೆ ಎಂದು ಒಕ್ಕಣೆ. ನಾನು ಸಾಹೇಬರ ಕೋಣೆಗೆ ನುಗ್ಗಿದೆ. ಅವರ ಉತ್ತರ ಸರಳವಾಗಿತ್ತು. ಮುಖ್ಯ ಕಚೇರಿಗೆ ವರದಿ ಹೋಗಬೇಕು, ವರದಿಯಲ್ಲಿ ಯಾರದಾದರೂ ಹೆಸರು ಇರಬೇಕು, ಎಂಟರ್ ಒತ್ತಿದ್ದು ಯಾರು? ಮೆಮೊ ಇದ್ದವನನ್ನು ಕಾಯಂ ಮಾಡುವ ಹಾಗಿಲ್ಲ ಎಂದು ಅವನ ಆದೇಶವೂ ನಿಂತಿತು. ಪ್ರತಿ ಆರು ತಿಂಗಳಿಗೊಮ್ಮೆ ಗುತ್ತಿಗೆ ಮುಂದುವರಿಸಲು ಸಾಹೇಬರ ಕೋಣೆಯ ಹೊರಗೆ ಸೊಂಟ ಹಿಡಿದುಕೊಂಡು ನಿಲ್ಲಬೇಕಿತ್ತು.

ಎರಡು ವರ್ಷದಲ್ಲಿ ನಾನು ಮುಖ್ಯ ಕಚೇರಿಗೆ ಮೂರು ಪತ್ರ ಬರೆದೆ. ಮೂರರಲ್ಲೂ ತಾಂತ್ರಿಕ ಕಾರಣ ಎಂದು ಬರೆದೆ. ತಾಂತ್ರಿಕ ಕಾರಣ ಅಂದರೆ ಯಾರದೂ ಅಲ್ಲದ ಕಾರಣ. ಯಾರದೂ ಅಲ್ಲದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಇಟ್ಟ ಹೆಸರು ಎಂದು ಒಂದು ಸಾಲು ಬರೆದಿದ್ದರೆ ಕೆಲಸ ಆಗುತ್ತಿತ್ತು. ಬರೆಯಲಿಲ್ಲ. ಇಷ್ಟು ವರ್ಷ ಕೊಳೆ ಹತ್ತದ ಹೆಸರಿಗೆ ಕೊನೆಗಾಲದಲ್ಲಿ ಮಸಿ ಯಾಕೆ ಎಂದುಕೊಂಡೆ. ನನಗೆ ನಾಚಿಕೆಯಾಗಬೇಕಿತ್ತು, ಆಗುತ್ತಲೂ ಇತ್ತು, ಆದರೂ ಬರೆಯಲಿಲ್ಲ.

ನನ್ನ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ತೂಕದ ಶೆಡ್ಡಿನಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ಮಿರ್ಚಿ ಭಜಿ, ಚಹಾ, ಒಂದು ಶಾಲು, ಹಾರ. ಹಮಾಲರೂ ಬಂದಿದ್ದರು. ಸಾಹೇಬರು ನನ್ನನ್ನು ಹೊಗಳಿ, ಶಾಲು ಬಿಚ್ಚಿ ಹತ್ತಿರ ಬಂದರು.

"ಶಾಲು ಆಮ್ಯಾಲ ಹೊದಸ್ರಿ ಸಾಹೇಬ್ರ. ಮೊದ್ಲ ಫಕ್ಕೀರಪ್ಪನ ಮೆಮೊ ವಾಪಸ್ ತಗೋರಿ."

ಭಜಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಸಾಹೇಬರು ನಕ್ಕು ಹಗುರ ಮಾಡಲು ನೋಡಿದರು. "ಇವತ್ತು ಅದೆಲ್ಲ ಯಾಕೆ ಮೇಡಂ? ನಿಮಗೆ ಇನ್ನು ಆಫೀಸಿನ ಚಿಂತೆ ಬೇಡ."

"ಐದೂವರಿ ತನಕ ನಾನು ನೌಕರದಾಕಿ. ಇನ್ನ ಎರಡ ತಾಸು ಐತಿ. ಕುಂದರತೇನಿ," ಎಂದು ಕುರ್ಚಿಯಲ್ಲಿ ಕೂತೆ.

ಸಾಹೇಬರು ಶಾಲನ್ನು ಮೇಜಿನ ಮೇಲೆ ಹಾಕಿ ಒಳಗೆ ಹೋದರು. ಯಾರೂ ಕದಲಲಿಲ್ಲ. ಹಮಾಲರು ಅಲ್ಲೇ ಚೀಲಗಳ ಮೇಲೆ ಕೂತರು. ನಾಲ್ಕು ಗಂಟೆಗೆ ಎರಡು ಲಾರಿ ಬಂದವು, ಇಳಿಸಲು ಯಾರೂ ಏಳಲಿಲ್ಲ. ಫಕ್ಕೀರಪ್ಪ ನನ್ನ ಹತ್ತಿರ ಬಂದು ಬಗ್ಗಿ, "ಬ್ಯಾಡ್ರಿ ಅಕ್ಕಾರ, ಕಡೀ ದಿನ ಯಾಕ ಕೆಡಿಸ್ಕೋತೀರಿ? ನಾ ಹೆಂಗೋ ಮಾಡ್ತೇನಿ," ಅಂದ. ಎರಡು ವರ್ಷ ಬಾಯಿ ಮುಚ್ಚಿಕೊಂಡು ನನ್ನನ್ನು ಕಾಪಾಡಿದ ಮನುಷ್ಯ ಆಗಲೂ ನನ್ನನ್ನೇ ಕಾಪಾಡಲು ನೋಡುತ್ತಿದ್ದ. ಅದನ್ನು ಕೇಳಿ ನನ್ನ ಕಣ್ಣು ತುಂಬಿತು, ಸಿಟ್ಟೂ ಬಂತು. ಸಿಟ್ಟು ನನ್ನ ಮೇಲೆ.

ಲಾರಿಗಳು ನಾಲ್ಕಾದವು. ಐದಕ್ಕೆ ಸಾಹೇಬರು ಒಂದು ಕಾಗದ ಹಿಡಿದು ಬಂದರು. ಮೆಮೊ ರದ್ದು ಎಂದು ಟೈಪ್ ಮಾಡಿ ಸಹಿ ಹಾಕಿದ್ದರು. ಫಕ್ಕೀರಪ್ಪನ ಕೈಗೆ ಕೊಡುವ ಮೊದಲು ನಾನು ಇಸಿದುಕೊಂಡು ಗಟ್ಟಿಯಾಗಿ ಓದಿದೆ. ತಾಂತ್ರಿಕ ಕಾರಣದಿಂದ ಆದ ತಪ್ಪು ಎಂದು ಬರೆದಿತ್ತು.

"ಇದು ನಡಿಯೂದಿಲ್ರಿ ಸಾಹೇಬ್ರ."

"ಇನ್ನೇನು ಬೇಕು ಮೇಡಂ ನಿಮಗೆ?" ಈ ಸಲ ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಇತ್ತು.

"ಹಿಂಗ ಬರದ್ರ ನಾಳಿಗೆ ಬಂದ ಮ್ಯಾನೇಜರು ಮತ್ತ ಯಾರು ಒತ್ತಿದ್ರು ಅಂತ ಕೇಳತಾನ, ಮತ್ತ ಇವರ ಮ್ಯಾಲ ಬರತೈತಿ. ತಪ್ಪು ಯಾರದೋ ಅವರ ಹೆಸರು ಬರೀರಿ. ಭಾನುವಾರ ನನ್ನ ಕರೀಲಾರದ ಮಷೀನು ಬದಲಿ ಮಾಡಿಸಿದವರು ನೀವು, ಅದನ್ನ ಬರೀರಿ. ಫೈಲಿಗೆ ಯಾರೂ ಇಡದ ಹೆಸರು ಇಟ್ಟಾಕಿ ನಾನು. ಮಾಸ್ತರು ಬ್ಯಾಡ ಅಂದ್ರೂ ಇಟ್ಟೆ. ಕೇಳಿದಾಗ ಹೇಳ್ಲಿಲ್ಲ. ಅದನ್ನ ಮೊದ್ಲ ಬರೀರಿ."

ಶೆಡ್ಡಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ನಾನು ಅಷ್ಟು ಜನರ ಮುಂದೆ ಅಷ್ಟು ಸಣ್ಣವಳಾದದ್ದಿಲ್ಲ. ಅಷ್ಟು ಹಗುರಾದದ್ದೂ ಇಲ್ಲ.

ಸಾಹೇಬರು ತಮ್ಮ ಹೆಸರು ಬರೆಯಲಿಲ್ಲ. ಬರೆಯುವುದಿಲ್ಲ ಎಂದು ಗೊತ್ತಿತ್ತು, ಬರೆಯುವರೇನೋ ಎಂಬ ಆಸೆಯೂ ಇತ್ತು. ಆದರೆ ಫಕ್ಕೀರಪ್ಪನ ತಪ್ಪಿಲ್ಲ ಎಂದು ಬರೆದು ಕಾಗದವನ್ನು ಅವನ ಕೈಗೆ ಕೊಟ್ಟರು, ಕಾಯಂ ಆದೇಶಕ್ಕಿದ್ದ ಅಡ್ಡಿ ಹೋಯಿತು. ನನ್ನ ಹೆಸರಿಗೆ ಬೇರೆ ಕಾಗದ ಟೈಪ್ ಮಾಡಿಸಿ ತಂದರು. ಫೈಲುಗಳಿಗೆ ರೂಢಿಯಲ್ಲಿಲ್ಲದ ಹೆಸರಿಟ್ಟು ಅದನ್ನು ಮುಚ್ಚಿಟ್ಟ ಬಗ್ಗೆ ಮೆಮೊ. ಓದಿದೆ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಡೀ ನೌಕರಿಯಲ್ಲಿ ನನ್ನ ಮೇಲೆ ಬಂದ ಮೊದಲ ಮೆಮೊ. ಸ್ವೀಕರಿಸಿದ್ದೇನೆ ಎಂದು ಬರೆದು, ಕೆಳಗೆ ಸಮಯ ಐದೂ ಇಪ್ಪತ್ತೈದು ಎಂದು ಹಾಕಿ, ಸಹಿ ಮಾಡಿದೆ. ನೌಕರದಾಕಿಯಾಗಿ ಇನ್ನೂ ಐದು ನಿಮಿಷ ಉಳಿದಿತ್ತು.